ಹರಳೆಣ್ಣೆ ಭಾನುವಾರ

ಈ ಸಲ ಕೊರೊನಾ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ನಾನು ಪ್ರತಿಜ್ಞೆ ಮಾಡಿದ್ದೆ. ಮೂರನೇ ಅಲೆ ಬಂದು ಅಕ್ಕಿಹೆಬ್ಬಾಳಿನ ಬೀದಿಬೀದಿಯಲ್ಲಿ ಜನ ಕೆಮ್ಮುತ್ತಿದ್ದಾಗ ನಮ್ಮ ಮನೆಯಲ್ಲಿ ಬೆಳಗ್ಗೆ ಸಂಜೆ ಹಬೆ, ನಡುನಡುವೆ ಮೆಣಸಿನ ಕಷಾಯ, ಮಲಗುವ ಮುಂಚೆ ಉಪ್ಪುನೀರಿನ ಗಂಟಲಸ್ನಾನ. ವೈರಸ್ಸು ಬರುವುದು ಮೂಗಿನ ದಾರಿಯಲ್ಲಿ, ಆ ದಾರಿಗೆ ನಾನು ಕಾವಲು ಕೂತಿದ್ದೆ. ಹೇಳಿಕೇಳಿ ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಜೀರ್ಣಾಂಗವ್ಯೂಹದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲವನು. ಅದೇ ವ್ಯೂಹದೊಳಗೆ ನಾನು ಸಿಕ್ಕಿಬಿದ್ದೆ, ಜೊತೆಗೆ ನನ್ನವ್ವನನ್ನೂ ಎಳೆದುಕೊಂಡೆ.

ಶುಕ್ರವಾರ ಸ್ಕೂಲಿನಿಂದ ಬರುವಾಗಲೇ ಮೈ ಬೆಚ್ಚಗಿತ್ತು. ಊಟ ಸೇರಲಿಲ್ಲ. ಮರುದಿನ ಬೆಳಗ್ಗೆ ಭೇದಿ ಶುರುವಾಯಿತು. ಜಗಲಿಗೂ ಹಿತ್ತಲ ಕಕ್ಕಸಿಗೂ ನಡುವೆ ಓಡಾಡುತ್ತ, ಸಿಕ್ಕಿದ ಬಿಡುವಿನಲ್ಲಿ ತನಿಖೆ ನಡೆಸಿದೆ. ಅಪರಾಧಿ ಅಡುಗೆಮನೆಯಲ್ಲೇ ಸಿಕ್ಕಳು. ನನ್ನ ಹೆಂಡತಿ ಯಶೋದಾ.

“ಮೊನ್ನೆ ಬಸ್ಸಾರ ಬಿಸಿ ಮಾಡ್ದೆ ಇಕ್ಕಿದ್ದೀಯ ನೀನು.”

“ಅದೇ ಸಾರ್ನ ನಾನೂ ಉಂಡಿವ್ನಿ, ನಂಗೇನಾಗದೆ? ಸುಮ್ಕೆ ಓಗಿ ಟೆಸ್ಟ್ ಮಾಡುಸ್ಕಂಡ್ ಬನ್ನಿ. ಇಸ್ಕೂಲ್ತಾವ ಮಾಡ್ತಾವ್ರೆ.”

“ನಂಗೆ ಕೆಮ್ಮು ಅದಾ? ನೆಗ್ಡಿ ಅದಾ? ಮೂಗು ನೆಟ್ಟಗದೆ. ಒಟ್ಟೆಗೂ ಕೊರೊನಾಗೂ ಏನ್ ಸಂಬಂದ?”

“ನಂಗೇನ್ ಗೊತ್ತು? ನೀವು ಮೇಷ್ಟ್ರು.”

“ಮೇಷ್ಟ್ರಾಗಿರೋದ್ಕೇ ಏಳ್ತಾ ಇರೋದು.”

ನಿಜ ಹೇಳಬೇಕೆಂದರೆ ಟೆಸ್ಟಿಗೆ ಹೆದರಿದ್ದೆ. ನನ್ನ ಕಷಾಯದ ಮಹಿಮೆಯನ್ನು ಬೀದಿಗೆಲ್ಲ ಸಾರಿದ್ದೆನಲ್ಲ, ನನಗೇ ಪಾಸಿಟಿವ್ ಬಂದರೆ ಮುಖ ಎಲ್ಲಿಡಲಿ?

ಭಾನುವಾರದ ಹೊತ್ತಿಗೆ ಅವ್ವನಿಗೂ ಹಿಡಿಯಿತು. ಮೊದಲು ವಾಂತಿ, ಆಮೇಲೆ ಭೇದಿ. ನನ್ನವ್ವ ಚಲುವಮ್ಮ ಮುದ್ದೆ ಬೇಡವೆಂದು ತಟ್ಟೆ ತಳ್ಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡವನಲ್ಲ. ಅದನ್ನು ಕಣ್ಣಾರೆ ಕಂಡ ಮೇಲೂ ವಿಜ್ಞಾನದ ಮೇಷ್ಟ್ರ ತಲೆಗೆ ಹೊಳೆದದ್ದು ಹರಳೆಣ್ಣೆ.

ನಮ್ಮ ಕಡೆ ಹಿಂದೆಲ್ಲ ಆಗಾಗ ಒಂದು ಭಾನುವಾರ ಮನೆಮಂದಿಯೆಲ್ಲ ಹರಳೆಣ್ಣೆ ಕುಡಿದು ಹೊಟ್ಟೆ ತೊಳೆದುಕೊಳ್ಳುತ್ತಿದ್ದರು. ಅಂದು ಯಾರೂ ಹೊಲಕ್ಕೆ ಹೋಗುತ್ತಿರಲಿಲ್ಲ, ನೆಂಟರನ್ನು ಕರೆಯುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಮೆತ್ತಗಿನ ಅನ್ನ, ಮೆಣಸಿನ ಸಾರು. ಅದು ಮೈಯಲ್ಲಿ ಕಸುವಿದ್ದವರು ಮಾಡುತ್ತಿದ್ದ ಕೆಲಸ. ಈ ಒಂದು ಸಣ್ಣ ವಿವರ ನನಗೆ ಮರೆತುಹೋಗಿತ್ತು.

“ಆಗ್ಲೇ ನೀರ್ ನೀರಾಗಿ ಓಗ್ತಾ ಅದೆ. ಇನ್ನೇನ್ ಉಳ್ದದೆ ಅಂತ ತೊಳೀತೀರಿ?” ಎಂದಳು ಯಶೋದಾ.

“ಅರ್ದ ತೊಳ್ದು ಬುಟ್ರೆ ಇಸ ಒಳ್ಗೇ ಉಳ್ಕತದೆ. ತೊಳುದ್ರೆ ಪೂರ್ತಿ ತೊಳೀಬೇಕು.”

“ಬ್ಯಾಡ ಕಣ್ಲಾ ದೇವ್ರಾಜ, ನಿಂತ್ಕಳಕೇ ಆಯ್ತಿಲ್ಲ ನನ್ ಕೈಲಿ,” ಎಂದಳು ಅವ್ವ.

“ಸುಮ್ಕೆ ಕುಡಿಯವ್ವ. ನಾನೇನ್ ಓದ್ದೆ ಬಂದಿವ್ನಾ?”

ಬಿಸಿ ಕಾಫಿಗೆ ಬೆರೆಸಿ, ಅವ್ವನ ಮೂಗು ಹಿಡಿದು ನನ್ನ ಕೈಯಾರೆ ಕುಡಿಸಿದೆ. ನಾನೂ ಕುಡಿದೆ. ಯಶೋದಾ ತನ್ನ ಪಾಲಿನ ಎಣ್ಣೆಯನ್ನು ತೆಗೆದುಕೊಂಡು ಹೋಗಿ ದೇವರ ದೀಪಕ್ಕೆ ಹೊಯ್ದಳು. ಆ ದಿನ ಮನೆಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಅವಳೊಬ್ಬಳಿಗೆ.

ಇರುವುದು ಒಂದೇ ಕಕ್ಕಸು. ಅದರ ಆಡಳಿತಕ್ಕಾಗಿ ತಾಯಿ ಮಗನ ನಡುವೆ ಘೋರ ಸ್ಪರ್ಧೆ ನಡೆಯಿತು. ನಾನು ಒಳಗಿದ್ದಾಗ ಅವ್ವ ಬಾಗಿಲು ಬಡಿದಳು. “ಬಿರ್ನೆ ಬಾಲಾ, ತಡ್ಕಳಕಾಯ್ತಿಲ್ಲ.”

“ಬಂದೆ ಕಣವ್ವ,” ಎಂದೆ. ಬರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬಡಿಯುವುದು ನಿಂತಿತು. ಎಲ್ಲೋ ಮರೆಗೆ ಹೋದಳೆಂದುಕೊಂಡು ನಿರಾಳವಾಗಿ ಕೂತೆ. ಹೊರಗೆ ಬಂದು ನೋಡಿದರೆ ನೀರಿನ ತೊಟ್ಟಿಯ ಪಕ್ಕ ಬಿದ್ದಿದ್ದಾಳೆ. ಸೀರೆಯೆಲ್ಲ ಹಾಳಾಗಿದೆ. ಕಣ್ಣು ತೆರೆದೇ ಇದೆ, ಆದರೆ ನನ್ನನ್ನು ನೋಡುತ್ತಿಲ್ಲ. ತುಟಿ ಒಣಗಿ ಬಿರುಕು ಬಿಟ್ಟಿದೆ. ಎತ್ತಲು ಬಗ್ಗಿದವನು ನಾನೂ ಅಲ್ಲೇ ಕುಸಿದೆ. ಹೆತ್ತವ್ವನನ್ನು ಕೈಯಾರೆ ಕೊಂದುಬಿಟ್ಟೆ ಅನ್ನಿಸಿ ಯಶೋದಾಳನ್ನು ಕೂಗಿದೆ.

ಯಶೋದಾ ಪಕ್ಕದ ಮನೆಯ ತಮ್ಮಯ್ಯನ ಓಮ್ನಿ ತರಿಸಿದಳು. ತಮ್ಮಯ್ಯ ಮೂಗಿಗೆ ಟವೆಲ್ಲು ಸುತ್ತಿಕೊಂಡು, “ಏನ್ ಮೇಷ್ಟ್ರೆ, ಕಸಾಯ ಕೆಲ್ಸ ಮಾಡ್ನಿಲ್ವಾ?” ಎಂದ.

“ಮೊದ್ಲು ಗಾಡಿ ಓಡ್ಸಣ್ಣ,” ಎಂದಳು ಯಶೋದಾ.

ಆಸ್ಪತ್ರೆಯಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡಿದರು. ತಾಯಿಗೂ ಪಾಸಿಟಿವ್, ಮಗನಿಗೂ ಪಾಸಿಟಿವ್.

“ಇದು ಬರೀ ಮೂಗು, ಶ್ವಾಸಕೋಶಕ್ಕೆ ಬರೋ ಕಾಯಿಲೆ ಅಂದ್ಕೋಬೇಡಿ,” ಎಂದರು ಡಾಕ್ಟರು. “ವೈರಸ್ ಕರುಳಿಗೂ ಅಂಟ್ಕೊಳ್ಳುತ್ತೆ. ಕೆಲವರಿಗೆ ಕೆಮ್ಮೇ ಇರಲ್ಲ. ಊಟ ಸೇರಲ್ಲ, ವಾಂತಿ, ಭೇದಿ, ಹೀಗೇ ಶುರುವಾಗುತ್ತೆ. ನಿಮ್ಮ ತಾಯಿ ಮೈಯಲ್ಲಿ ನೀರೇ ಉಳಿದಿಲ್ಲ, ಬಿಪಿ ಬಿದ್ದಿದೆ. ಮೂತ್ರ ಬರದೇ ಹೋದರೆ ಕಿಡ್ನಿ ಕೈಕೊಡುತ್ತೆ. ಆಮೇಲೆ ನಮ್ಮ ಕೈಯಲ್ಲಿಲ್ಲ, ಮಂಡ್ಯಕ್ಕೆ ಕಳಿಸಬೇಕು.”

ಅಕ್ಕಪಕ್ಕದ ಮಂಚಗಳಲ್ಲಿ ಇಬ್ಬರಿಗೂ ಡ್ರಿಪ್ಪು ಏರಿಸಿದರು. ಎದುರಿನ ಮಂಚದಲ್ಲಿದ್ದವರನ್ನು ಬಟ್ಟೆ ಸುತ್ತಿ ಸಾಗಿಸಿದರು. ಅವರ ಮನೆಯವರಿಗೆ ಒಳಗೆ ಬಂದು ಅಳುವುದಕ್ಕೂ ಬಿಡಲಿಲ್ಲ. ನಾನು ಅವ್ವನ ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಖಾಲಿ ಚೀಲವನ್ನೇ ನೋಡುತ್ತ ಮಲಗಿದ್ದೆ. ದೇವರ ಹತ್ತಿರ ಕೆಲಸ ಕೇಳಿದ್ದೇನೆ, ಟ್ರಾನ್ಸ್‌ಫರ್ ಕೇಳಿದ್ದೇನೆ. ಮೂತ್ರ ಕೇಳಿದ್ದು ಅದೇ ಮೊದಲು. ಹೇಮಾವತಿಯ ದಂಡೆಯಲ್ಲಿ ಹುಟ್ಟಿ ಬೆಳೆದವನು ಒಂದು ಲೋಟ ಮೂತ್ರಕ್ಕಾಗಿ ಮುಡಿ ಕೊಡುತ್ತೇನೆಂದು ಹರಕೆ ಹೊತ್ತೆ, ತಲೆಯಲ್ಲಿ ಕೂದಲು ಅಷ್ಟಕ್ಕಷ್ಟೇ ಇದ್ದರೂ.

ಮರುದಿನ ಬಿಸಿಲೇರುವ ಹೊತ್ತಿಗೆ ಚೀಲದ ತಳದಲ್ಲಿ ಹಳದಿ ಬಣ್ಣ ಕಂಡಿತು. ನಾನು ಗೊಳೋ ಎಂದು ಅತ್ತುಬಿಟ್ಟೆ. ಅವ್ವ ಹೋಗಿಬಿಟ್ಟಳೆಂದು ತಿಳಿದು ನರ್ಸು ಓಡಿಬಂದರು.

ಹಿಂದೆಯೇ ಡಾಕ್ಟರೂ ಬಂದರು. ನಾವು ಕುಡಿದದ್ದೇನೆಂದು ಯಶೋದಾ ಆಸ್ಪತ್ರೆಗೆ ಸೇರಿಸುವಾಗಲೇ ಅವರಿಗೆ ಹೇಳಿದ್ದಳು. “ಭೇದಿ ಆಗ್ತಿರೋರಿಗೆ ಹರಳೆಣ್ಣೆ ಕೊಟ್ಟ ಪುಣ್ಯಾತ್ಮ ಯಾರು?” ಎಂದು ಕೇಳಿದರು. ನಾನು ಡ್ರಿಪ್ಪಿನ ಹನಿ ಎಣಿಸತೊಡಗಿದೆ.

“ನಾನೇ ಸ್ವಾಮಿ,” ಎಂದಳು ಅವ್ವ. ದನಿ ಕೇಳಿಸಿಯೂ ಕೇಳಿಸದ ಹಾಗಿತ್ತು. “ಅಳೇ ಕಾಲ್ದೋಳು, ಗೊತ್ತಾಗ್ನಿಲ್ಲ. ಮಗ ಬ್ಯಾಡ ಬ್ಯಾಡ ಅಂದ. ನಾನೇ ಕುಡುದು ಅವ್ನಿಗೂ ಕುಡುಸ್ಬುಟ್ಟೆ.”

“ಅಲ್ಲಜ್ಜಿ, ಮಗ ವಿಜ್ಞಾನದ ಮೇಷ್ಟ್ರು. ಅವರ ಮಾತು ಕೇಳಬಾರದಾ?”

“ಇನ್ಮ್ಯಾಕೆ ಕೇಳ್ತೀನಿ ಸ್ವಾಮಿ.”

ಡಾಕ್ಟರು ಅವ್ವನಿಗೆ ಇನ್ನೊಂದಿಷ್ಟು ಬೈದು, ನನ್ನ ಕಡೆ ಮರುಕದಿಂದ ನೋಡಿ ಹೋದರು. ನನಗೆ ದುಃಖ ಒತ್ತರಿಸಿ ಬಂತು. ಸಾವಿನ ಬಾಯಿಂದ ಈಚೆಗೆ ಬಂದು ಸರಿಯಾಗಿ ಉಸಿರೂ ಬಿಡದವಳು ಮಗನ ಮಾನ ಕಾಯುತ್ತಿದ್ದಾಳಲ್ಲ. ಕೈ ಚಾಚಿ ಅವಳ ಮಂಚದ ಕಂಬಿ ಹಿಡಿದೆ.

“ಅವ್ವಾ, ನನ್ನ ಉಳ್ಸಕೆ ಅಂತ ಸುಳ್ಳೇಳ್ಬುಟ್ಯಲ್ಲವ್ವ.”

ಅವ್ವ ಕಣ್ಣು ಬಿಡಲಿಲ್ಲ. “ನಿನ್ನ ಯಾರ್ಲಾ ಉಳುಸ್ದೋರು? ಅವ್ರು ನಿಂಗೆ ಬಯ್ದಿದ್ರೆ ನೀನು ಸುಮ್ಕಿರ್ತಿದ್ಯಾ? ಅವ್ರಿಗೇ ಪಾಟ ಏಳಕೆ ಓಗ್ತಿದ್ದೆ. ಅವ್ರು ರೇಗ್ಕಂಡು ಔಸ್ದಿ ಕೊಡದ್ನೇ ಬುಟ್ಬುಟ್ಟಿದ್ರೆ? ನಂಗಿನ್ನೂ ಬದುಕ್ಬೇಕು ಅಂತ ಆಸೆ ಅದೆ ಕಣ್ಲಾ.”