ಒಂದು ಹೆಚ್ ಹೆಚ್ಚು

"ದುಡ್ಡು ಕಳಿಸೋ ಕೆಲಸ ನನಗೆ ಬಿಟ್ಟುಬಿಡು. ದಾರೀಲಿ ಒಂದೇ ಒಂದು ಕಾಸು ಉದುರಿದ್ರೆ ನನ್ನ ಹೆಸರು ದೀರ್ಘಣ್ಣ ಅಲ್ಲ."

ಭಾನುವಾರ ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು ಹೀಗೆ ಶಪಥ ಮಾಡಿದವರ ಹೆಸರು ನಿಜಕ್ಕೂ ದೀರ್ಘಣ್ಣ ಅಲ್ಲ. ಅದು ಅಚ್ಚುಕೂಟದವರು ಇಟ್ಟ ಹೆಸರು. ಮೂವತ್ತು ವರ್ಷದಿಂದ ಅಲ್ಲಿ ಕರಡು ತಿದ್ದುತ್ತಿರುವ ಅವರ ಕಣ್ಣಿನಿಂದ ಬಿಟ್ಟುಹೋದ ದೀರ್ಘ, ಜಾರಿಬಿದ್ದ ಒತ್ತು, ಮುರಿದ ಕೊಂಬು ಯಾವುದೂ ತಪ್ಪಿಸಿಕೊಂಡದ್ದಿಲ್ಲ. ಔಷಧಿ ಸೀಸೆಯ ಚೀಟಿಯನ್ನೂ ಕೆಂಪು ಪೆನ್ನು ಹಿಡಿದೇ ಓದುತ್ತಾರೆ. ಒಮ್ಮೆ ಮನೆಗೆ ಬಂದ ನೀರಿನ ಬಿಲ್ಲಿನಲ್ಲಿ ಆರು ತಪ್ಪು ತಿದ್ದಿ, ದುಡ್ಡು ಕಟ್ಟುವುದು ಮರೆತು, ಬಿಲ್ಲನ್ನಷ್ಟೇ ಹಿಂದಕ್ಕೆ ಕಳಿಸಿದ್ದರು. ಆಮೇಲೆ ಎರಡು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಆದರೂ ಅವರ ಕಣ್ಣು ಕಣ್ಣೇ, ಅದನ್ನು ಮೊದಲೇ ಒಪ್ಪಿಕೊಂಡುಬಿಡೋಣ.

ದುಡ್ಡು ಅವರ ಹೆಂಡತಿಯದು. ಆಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹನ್ನೊಂದು ತಿಂಗಳು ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಗುಂಡಿ ಗುಂಡಿಯಾಗಿ ಕೂಡಿಸಿದ್ದು. ಹೋಗಬೇಕಾದದ್ದು ಕಡಲಾಚೆ ಇರುವ ತಂಗಿಗೆ. ಮನೆಯಲ್ಲಿ ಅವಳನ್ನು ಚೂಟಿ ಅನ್ನುತ್ತಾರೆ. ಚೂಟಿ ಅಲ್ಲಿ ಏಳು ವರ್ಷ ಬೇರೆಯವರ ಬ್ರೆಡ್ ಅಂಗಡಿಯಲ್ಲಿ ಬ್ರೆಡ್ಡಿನ ಜೊತೆ ತಾನೂ ಬೆಂದಿದ್ದಳು. ಈಗ ಅಂಗಡಿಯ ಮುದುಕನಿಗೆ ಕೈ ಸೋತಿತ್ತು. "ಶನಿವಾರ ಮಧ್ಯಾಹ್ನದೊಳಗೆ ಮುಂಗಡ ಇಟ್ಟರೆ ಅಂಗಡಿ ನಿನಗೆ, ಇಲ್ಲದಿದ್ದರೆ ಎದುರಿನ ಮೊಬೈಲ್ ಅಂಗಡಿಯವನಿಗೆ" ಎಂದಿದ್ದ. ಅವಳ ಹತ್ತಿರ ಮುಕ್ಕಾಲು ಪಾಲು ಇತ್ತು. ಉಳಿದ ಕಾಲು ಪಾಲು ಅಕ್ಕ ಕೊಡುವುದೆಂದು ಮಾತಾಗಿತ್ತು.

"ನಾಳೆ ಮೂಲೆ ಬ್ಯಾಂಕಿಗೆ ಹೋಗಿ ಕಳಿಸಿಬಿಡ್ತೀನಿ ರೀ" ಎಂದಿದ್ದರು ಹೆಂಡತಿ.

"ಬ್ಯಾಂಕಾ? ಇಲ್ಲಿಯವರು ತಗೊಳ್ಳೋದು ತಗೊಂಡು, ದಾರೀಲಿ ಸಿಗೋ ಇನ್ನೊಂದು ಬ್ಯಾಂಕು ಕೈ ಹಾಕಿ, ಅಲ್ಲಿಯವರು ಮೂಗು ತೂರಿಸಿ, ಕೊನೆಗೆ ಚೂಟಿಗೆ ಸೇರೋದು ಬರೀ ಲಕೋಟೆ. ಎಲ್ಲಕ್ಕಿಂತ ಅಗ್ಗದ ದಾರಿ ನಾನು ಹುಡುಕ್ತೀನಿ. ಉಳಿದ ದುಡ್ಡಲ್ಲಿ ನಿನಗೊಂದು ಹೊಸ ಕತ್ತರಿ."

ಹೆಂಡತಿ ತಮ್ಮ ಹಳೆಯ ಕತ್ತರಿಯನ್ನು ನೋಡಿದರು. ಅದು ಬಟ್ಟೆಯನ್ನು ಕತ್ತರಿಸುವುದಕ್ಕಿಂತ ಜಗಿಯುವುದೇ ಜಾಸ್ತಿಯಾಗಿತ್ತು. ಹಾಗಾಗಿ ಒಪ್ಪಿಕೊಂಡರು.

ಸೋಮವಾರ, ಮಂಗಳವಾರ ದೀರ್ಘಣ್ಣನವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ಅಚ್ಚುಕೂಟದಿಂದ ತಂದ ಉದ್ದನೆಯ ಕಾಗದದ ಮೇಲೆ ಹದಿನಾಲ್ಕು ಕಲಂ ಗೀಚಿದರು. ಒಂದು ಕಂಪನಿ 'ಶುಲ್ಕ ಸೊನ್ನೆ' ಎಂದು ದೊಡ್ಡದಾಗಿ ಹಾಕಿತ್ತು. ಸೊನ್ನೆಯ ಪಕ್ಕದಲ್ಲಿ ಸಾಸಿವೆಯಷ್ಟು ಒಂದು ನಕ್ಷತ್ರ. ಅಡಿಟಿಪ್ಪಣಿಗಳ ಜೊತೆಗೇ ಸಂಸಾರ ಮಾಡಿದ ಮನುಷ್ಯ ನಕ್ಷತ್ರ ಕಂಡರೆ ಬಿಟ್ಟಾರೆಯೇ? ಪುಟದ ತಳಕ್ಕಿಳಿದು ಸೂಕ್ಷ್ಮ ಅಕ್ಷರವನ್ನೆಲ್ಲ ಓದಿ, ಕಳ್ಳನನ್ನು ಹಿಡಿದವರ ಹಾಗೆ ಮುಂದಿನ ಕೋಣೆಗೆ ಬಂದರು.

"ನೋಡಿದ್ಯಾ? ಮುಂಬಾಗಿಲಲ್ಲಿ ಸೊನ್ನೆ ಅಂತ ಬರೆದು, ವಿನಿಮಯದ ದರ ಕಡಿಮೆ ಮಾಡಿ ಹಿತ್ತಿಲ ಬಾಗಿಲಿಂದ ಎತ್ಕೊಂಡು ಹೋಗ್ತಾರೆ. ಎಷ್ಟು ಜನಕ್ಕೆ ಇದು ಗೊತ್ತು ಹೇಳು?"

ಹೆಂಡತಿ ಹಲ್ಲಿನಲ್ಲಿ ದಾರ ಕಡಿದು, "ಯಾರು ಯಾವ ಬಾಗಿಲಿಂದ ಎತ್ಕೊಂಡ್ರೆ ನಮಗೇನು ರೀ? ಇಲ್ಲಿಂದ ಇಷ್ಟು ಹೊರಟ್ರೆ ಅವಳ ಕೈಗೆ ಎಷ್ಟು ಸೇರುತ್ತೆ, ಯಾವತ್ತು ಸೇರುತ್ತೆ. ಅಷ್ಟೇ ಬರ್ಕೊಳ್ಳಿ, ಸಾಕು" ಎಂದರು.

ಎರಡು ದಿನ ಗುಡ್ಡ ಅಗೆದವರಿಗೆ ಇಲಿ ಅಲ್ಲೇ ಹೊಲಿಗೆ ಯಂತ್ರದ ಕೆಳಗೆ ಕೂತಿದ್ದದ್ದು ಆಗ ಕಂಡಿತು. ಹದಿನಾಲ್ಕರಲ್ಲಿ ಹನ್ನೆರಡು ಕಲಂ ಹೊಡೆದುಹಾಕಿದರು. ತಾನೂ ಅದನ್ನೇ ಮಾಡುವವನಿದ್ದೆ ಎಂದು ಹೇಳಿಕೊಂಡರು.

ಈ ಎರಡು ಕಲಮಿನ ಪರೀಕ್ಷೆಯಲ್ಲಿ ಇಬ್ಬರು ಉಳಿದರು. ಅಳಿಲಿನ ಚಿತ್ರದ ಕಂಪನಿ ಒಂದು, ಕೊಕ್ಕರೆಯ ಚಿತ್ರದ ಕಂಪನಿ ಇನ್ನೊಂದು. ಅಳಿಲಿನವರದು ಎಲ್ಲಕ್ಕಿಂತ ಅಗ್ಗ, ಎರಡೇ ಗಂಟೆಯಲ್ಲಿ ಹಣ ಮುಟ್ಟುತ್ತಿತ್ತು. ಕೊಕ್ಕರೆಯವರಿಗೆ ಒಂದು ದಿನ ಬೇಕು, ಬೆಲೆಯೂ ತುಸು ಜಾಸ್ತಿ. ಯಾರಾದರೂ ಅಳಿಲನ್ನೇ ಆರಿಸುತ್ತಿದ್ದರು. ಆದರೆ ಅಳಿಲಿನ ಪುಟದ ನೆತ್ತಿಯ ಮೇಲೆ 'ಹಣ ವರ್ಗವಣೆ' ಎಂದಿತ್ತು.

"ವರ್ಗವಣೆಯಂತೆ! ಒಂದು ದೀರ್ಘ ಜೋಪಾನ ಮಾಡಲಾರದವನು ನಮ್ಮ ದುಡ್ಡು ಜೋಪಾನ ಮಾಡ್ತಾನಾ?" ಎಂದು ಅಳಿಲನ್ನು ಮರದಿಂದ ಇಳಿಸಿದರು. ಇಳಿಸಿದ್ದಲ್ಲದೆ ಕಂಪನಿಗೆ ಎರಡು ಪುಟದ ತಿದ್ದುಪಡಿ ಪತ್ರವನ್ನೂ ಬರೆದರು.

ಬುಧವಾರ ಬೆಳಗ್ಗೆ ಕೊಕ್ಕರೆಯ ಮೂಲಕ ದುಡ್ಡು ಹೊರಡಿಸುವ ಮುಹೂರ್ತ. ಚೂಟಿ ತನ್ನ ಬ್ಯಾಂಕು ಪುಸ್ತಕದ ಮೊದಲ ಪುಟದ ಚಿತ್ರ ಕಳಿಸಿದ್ದಳು. ದೀರ್ಘಣ್ಣನವರು ಖಾತೆಯ ಸಂಖ್ಯೆ ತುಂಬಿದರು, ಮೂರು ಸಲ ತಾಳೆ ನೋಡಿದರು. ಹೆಸರಿನ ಹತ್ತಿರ ಬಂದಾಗ ಹುಬ್ಬು ಮೇಲಕ್ಕೆ ಹೋಯಿತು. ಇಂಗ್ಲಿಷಿನಲ್ಲಿದ್ದ ಅವಳ ನಿಜವಾದ ಹೆಸರಿನ ನಡುವೆ, ಟಿ ಆದಮೇಲೆ, ಒಂದು ಹೆಚ್ ಹೆಚ್ಚಾಗಿತ್ತು. (ಅದನ್ನು 'ಎಚ್' ಎನ್ನಬೇಕೆಂದು ದೀರ್ಘಣ್ಣನವರ ವಾದ. ಮನೆಯವರೆಲ್ಲ ಹೆಚ್ ಎನ್ನುತ್ತಾರೆ, ನಾವು ಮನೆಯವರ ಕಡೆ.)

"ನಮ್ಮ ಚೂಟಿ ಹೆಸರಲ್ಲಿರೋದು ಅಪ್ಪಟ ತ. ಆ ಬ್ಯಾಂಕಿನವನು ಹೆಚ್ ಸೇರಿಸಿ ಅವಳನ್ನ ಮಹಾಪ್ರಾಣ ಮಾಡಿಟ್ಟಿದ್ದಾನೆ" ಎಂದು ಮರುಕಪಟ್ಟು, ಹೆಚ್ಚನ್ನು ಕಿತ್ತುಹಾಕಿ, ಗುಂಡಿ ಒತ್ತಿದರು. ಅಚ್ಚುಕೂಟಕ್ಕೆ ಹೋಗಿ ಯಂತ್ರ ನಡೆಸುವವನಿಗೆ, ಹಾಳೆ ಮಡಿಸುವ ಹೆಂಗಸರಿಗೆ, ಚಹಾ ತಂದವರಿಗೆ, ಎಲ್ಲರಿಗೂ ಅಗ್ಗದಲ್ಲಿ ಹಣ ಕಳಿಸುವುದು ಹೇಗೆಂದು ಪಾಠ ಮಾಡಿದರು. ಮನೆಗೆ ಹೋಗುವಾಗ ಕತ್ತರಿ ಅಂಗಡಿಯ ಮುಂದೆ ನಿಂತು ಬೆಲೆಯನ್ನೂ ಕೇಳಿದರು.

ಗುರುವಾರ ದುಡ್ಡು ತವರಿಗೆ ಬಂದ ಮಗಳ ಹಾಗೆ ವಾಪಸು ಬಂತು. ಹೋಗುವಾಗ ಇದ್ದಷ್ಟು ಮೈ ಇರಲಿಲ್ಲ, ದಾರಿಯಲ್ಲಿ ಸೊರಗಿತ್ತು. 'ಹೆಸರು ಹೊಂದುತ್ತಿಲ್ಲ' ಎಂದು ಕಾರಣ ಕೊಟ್ಟಿದ್ದರು. ದೀರ್ಘಣ್ಣನವರು ಕೊಕ್ಕರೆ ಕಂಪನಿಗೆ ಫೋನು ಹಚ್ಚಿದರು.

"ಖಾತೆಯಲ್ಲಿ ಇರೋ ಹಾಗೇ ಹೆಸರು ಬರೀಬೇಕು ಸರ್" ಎಂದಳು ಅತ್ತಲಿಂದ ಒಬ್ಬಳು ಹುಡುಗಿ.

"ಖಾತೇಲಿರೋದೇ ತಪ್ಪು ಕಣಮ್ಮ."

"ತಪ್ಪನ್ನ ಸರಿಯಾಗಿ ಬರೀರಿ ಸರ್."

ಮೂವತ್ತು ವರ್ಷದಲ್ಲಿ ಇಂಥ ಮಾತನ್ನು ಅವರು ಕೇಳಿರಲಿಲ್ಲ. ಅರ್ಧ ಗಂಟೆ ಅಂಗಳದಲ್ಲಿ ಶತಪಥ ಹಾಕಿದರು. ಶನಿವಾರ ಹತ್ತಿರ ಬರುತ್ತಿತ್ತು, ಹೆಂಡತಿಗೆ ವಿಷಯ ಗೊತ್ತಿರಲಿಲ್ಲ. ಕಡೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಕೂತರು. ಹಲ್ಲು ಕಚ್ಚಿ ಒಂದೊಂದೇ ಅಕ್ಷರ ಒತ್ತಿದರು. ಟಿ. ಕಣ್ಣು ಮುಚ್ಚಿ ಹೆಚ್. ಉಳಿದದ್ದೆಲ್ಲ ಸಲೀಸಾಗಿ ಮುಗಿಯಿತು. ಕಳಿಸುವ ಮೊದಲು ಒಮ್ಮೆ ಓದಿ ನೋಡುವುದು ಅವರ ವೃತ್ತಿಧರ್ಮ. ಓದಿದರು. ತಪ್ಪು ಕಂಡಿತು. ಮೂವತ್ತು ವರ್ಷ ಪಳಗಿದ ಕೈ, ಒಡೆಯನನ್ನು ಕೇಳುವ ಗೋಜಿಗೇ ಹೋಗದೆ, ಆ ಹೆಚ್ಚನ್ನು ಅಳಿಸಿ ಗುಂಡಿ ಒತ್ತಿಬಿಟ್ಟಿತು. ಏನು ಮಾಡಿದೆ ಎಂದು ತಲೆಗೆ ತಿಳಿಯುವ ಹೊತ್ತಿಗೆ ಕೊಕ್ಕರೆ ಹಾರಿಯಾಗಿತ್ತು.

ಶುಕ್ರವಾರ ಸಂಜೆ ಕೊಕ್ಕರೆ ಮತ್ತೆ ಬಂದಿಳಿಯಿತು, ಇನ್ನಷ್ಟು ಬಡವಾಗಿ. ಅದೇ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಚೂಟಿಯ ಫೋನು.

"ಅಕ್ಕಾ, ಇನ್ನೂ ಬಂದಿಲ್ವಲ್ಲೇ. ಆ ಮೊಬೈಲ್ ಅಂಗಡಿಯವನು ಇವತ್ತು ಬಂದು ಗೋಡೆ ಅಳೆದು ಹೋದ."

ಹೆಂಡತಿ ಯಂತ್ರ ನಿಲ್ಲಿಸಿ ಗಂಡನ ಮುಖ ನೋಡಿದರು. ದೀರ್ಘಣ್ಣನವರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದರು. ಹೆಚ್, ಕೊಕ್ಕರೆ, ಎರಡು ಕತ್ತರಿಯ ಬೆಲೆಯಷ್ಟು ನಷ್ಟ, ಒಂದನ್ನೂ ಮುಚ್ಚಿಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇವರದು ಒಂದು ಹೆಚ್ಚಿಗೆ ಹೋಯಿತು.

"ಅವಳ ಪ್ರಾಣ ಅಲ್ಲಿ ಒದ್ದಾಡ್ತಿದೆ, ನೀವಿಲ್ಲಿ ಅಲ್ಪಪ್ರಾಣ ಮಹಾಪ್ರಾಣ ಅಂತ ಕೂತಿದ್ರಾ?" ಎಂದರು ಹೆಂಡತಿ. ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಆ ಹಳೆಯ ಕತ್ತರಿಗೆ ಹೊಸ ಕೆಲಸ ಸಿಗುತ್ತಿತ್ತು. ಈ ಹೆಂಗಸು ಕೈಯ ಸೀಮೆಸುಣ್ಣ ಒರೆಸಿಕೊಂಡು ಗಂಡನ ಫೋನು ತೆಗೆದುಕೊಂಡರು.

"ನಾಳೆ ಮಧ್ಯಾಹ್ನದೊಳಗೆ ಮುಟ್ಟಿಸೋರು ಯಾರು?"

ದೀರ್ಘಣ್ಣನವರು ತಮ್ಮ ಎರಡು ಕಲಮಿನ ಕಾಗದ ನೋಡಿ ಹೇಳಿದರು, "ಅಳಿಲು."

"ಜಾಸ್ತಿ ದುಡ್ಡು ಮುಟ್ಟಿಸೋರು?"

"ಅದೂ ಅಳಿಲೇ."

"ಮತ್ತೆ ಕೊಕ್ಕರೆ ಯಾಕೆ ಬಂತು?"

"ಅಳಿಲಿಗೆ ದೀರ್ಘ ಇರಲಿಲ್ಲ."

ಹೆಂಡತಿ ಫೋನಿನಲ್ಲಿ ಅಳಿಲಿನ ಪುಟ ತೆರೆದರು. ತುಲನೆಗೆಂದು ದೀರ್ಘಣ್ಣನವರು ಎಲ್ಲ ಕಂಪನಿಗಳಲ್ಲೂ ನೋಂದಾಯಿಸಿಕೊಂಡಿದ್ದರು, ಅಷ್ಟು ಉಪಕಾರವಾಗಿತ್ತು. ಹೆಂಡತಿ ಸವೆದುಹೋದ ಭಾಗವನ್ನು ತುಂಬಲು ಯಂತ್ರದ ರಿಪೇರಿಗೆಂದು ತೆಗೆದಿಟ್ಟಿದ್ದ ದುಡ್ಡನ್ನು ಸೇರಿಸಿದರು. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಬ್ಯಾಂಕು ಪುಸ್ತಕದ ಚಿತ್ರದ ಮೇಲೆ ಅಳತೆಪಟ್ಟಿ ಇಟ್ಟು, ಒಂದಕ್ಷರ ಒತ್ತಿ, ಪಟ್ಟಿಯನ್ನು ಒಂದಕ್ಷರ ಸರಿಸಿ, ಮತ್ತೊಂದು ಒತ್ತಿ ಮುಂದೆ ಸಾಗಿದರು.

"ನಾನು ಓದಿ ಹೇಳ್ಲಾ?" ಎಂದರು ದೀರ್ಘಣ್ಣನವರು.

"ಬೇಡ. ನೀವು ಬಾಗಿಲ ಹತ್ರ ನಿಂತ್ಕೊಳ್ಳಿ. ಈ ಕಡೆ ನೋಡ್ಬೇಡಿ." ಪಟ್ಟಿ ಸರಿಸುತ್ತಲೇ ಆಕೆ ಹೇಳಿದರು, "ಒಬ್ಬರ ಭುಜ ಒಂದು ಮೇಲೆ ಒಂದು ಕೆಳಗೆ ಇದ್ರೆ ನಾನು ಹಾಗೇ ಅಳತೆ ಬರ್ಕೋತೀನಿ ರೀ. ಮೈ ಹೇಗಿದೆಯೋ ಹಾಗೆ ಬಟ್ಟೆ ಕತ್ತರಿಸ್ಬೇಕು. ಹೇಗಿರ್ಬೇಕಿತ್ತೋ ಹಾಗೆ ಅಲ್ಲ."

ದೀರ್ಘಣ್ಣನವರು ಬಾಗಿಲ ಹತ್ತಿರ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತರು. ಇಷ್ಟು ವರ್ಷ ಇವಳು ಬರೀ ಹೊಲಿಯುತ್ತಾಳೆ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಅಚ್ಚುಕೂಟದಲ್ಲಿ ಇಂಥ ಕೈ ಒಂದಿದ್ದಿದ್ದರೆ ತನಗೆ ಕೆಲಸವೇ ಇರುತ್ತಿರಲಿಲ್ಲ ಎಂದೂ ಅನ್ನಿಸಿತು. ಏಳು ನಿಮಿಷದಲ್ಲಿ ದುಡ್ಡು ಹೊರಟಿತು. ಹೆಂಡತಿ ಒಂದು ಅಂಗಿಗೆ ಕಾಲರು ಹಚ್ಚಿ, ಇನ್ನೊಂದಕ್ಕೆ ಕಾಜಾ ಮಾಡಿ ಮುಗಿಸುವಷ್ಟರಲ್ಲಿ ಅಳಿಲು ತನ್ನ ಸೇವೆ ಮುಗಿಸಿತ್ತು. ಫೋನಿನಲ್ಲಿ ಚೂಟಿ ಅತ್ತಳು. ಅಕ್ಕನೂ ಅತ್ತರು.

ಸಮಾಧಾನವಾದ ಮೇಲೆ ದೀರ್ಘಣ್ಣನವರು ಕೇಳಿದರು, "ಅಲ್ಲ ಚೂಟಿ, ನಿನ್ನ ಹೆಸರಿಗೆ ಆ ಹೆಚ್ ಯಾವ ಪುಣ್ಯಾತ್ಮ ತುರುಕಿದ?"

"ನಾನೇ ಭಾವ, ಕೇಳಿ ಹಾಕಿಸ್ಕೊಂಡಿದ್ದು. ಬರೀ ಟಿ ಇದ್ರೆ ಇಲ್ಲಿಯವರು ಟ, ಟ ಅಂತ ಮೊಳೆ ಹೊಡೆದ ಹಾಗೆ ಕರೀತಾರೆ. ಹೆಚ್ ಇದ್ರೆ ನನ್ನ ಹೆಸರು ಸುಮಾರಾಗಿ ನನ್ನ ಹೆಸರಿನ ಹಾಗೆ ಕೇಳುತ್ತೆ."

ಅಂದರೆ ತಿದ್ದಿದ ಕರಡನ್ನೇ ಅವರು ತಿದ್ದಿದ್ದರು. ಅದೂ ಎರಡು ಸಲ.

ವಾರ ಕಳೆದ ಮೇಲೆ ಅಂಗಡಿಯ ಹೊಸ ಹಲಗೆಯ ಚಿತ್ರ ಬಂತು. ಬಣ್ಣ ಇನ್ನೂ ಹಸಿ ಇತ್ತು. "ಭಾವ, ನಾಳೆ ಮೇಲೆ ಹತ್ತಿಸ್ತಾರೆ. ನೀವು ಒಂದ್ಸಲ ನೋಡಿ ಸರಿ ಅಂದ್ರೆ ಸಾಕು" ಎಂದು ಬರೆದಿದ್ದಳು. ದೀರ್ಘಣ್ಣನವರಿಗೆ ಹೋದ ಮಾನ ಅರ್ಧ ವಾಪಸು ಬಂದಂತಾಯಿತು. ಕನ್ನಡಕ ಒರೆಸಿ, ಚಿತ್ರ ಹಿಗ್ಗಿಸಿ, ಚೂಟಿಯ ಹೆಸರಿನ ಮೇಲೆ ಕಣ್ಣು ನೆಟ್ಟರು. ಟಿ ಇತ್ತು, ಪಕ್ಕದಲ್ಲಿ ಹೆಚ್ ಇತ್ತು. ಕೈ ತುರಿಸಿತು. ಕೈಯನ್ನು ಜೇಬಿಗೆ ಹಾಕಿಕೊಂಡು ಕಾಲು ಗಂಟೆ ಹೆಚ್ಚನ್ನೇ ನೋಡಿದರು. ಕೊನೆಗೆ ದೊಡ್ಡ ಮನಸ್ಸು ಮಾಡಿ, "ಎಲ್ಲಾ ಸರಿಯಾಗಿದೆ, ಹತ್ತಿಸಬಹುದು" ಎಂದು ಉತ್ತರ ಕಳಿಸಿ ಫೋನನ್ನು ಹೆಂಡತಿಯ ಕೈಗಿತ್ತರು. ಈಗಲಾದರೂ ಒಂದು ಶಭಾಷ್ ಬರಬಹುದೆಂದು ಕಾದರು.

ಹೆಂಡತಿ ಹಲಗೆಯನ್ನು ಒಮ್ಮೆ ನೋಡಿದರು. "ತಕ್ಷಣ ಫೋನ್ ಮಾಡಿ ನಿಲ್ಲಿಸೋಕೆ ಹೇಳಿ ರೀ. 'ಬ್ರೆಡ್' ಅನ್ನೋದ್ರಲ್ಲಿ ಇಂಗ್ಲಿಷ್ 'ಎ' ಎಲ್ಲಿ? ಅಡುಗೆಮನೆ ಮೇಜಿನ ಮೇಲಿರೋ ಬ್ರೆಡ್ ಕವರಲ್ಲಿ ದಿನಾ ನೋಡ್ತೀನಿ, ಐದಕ್ಷರ ಇದೆ. ಇಲ್ಲಿ ನಾಲ್ಕೇ ಇದೆ."

ದೀರ್ಘಣ್ಣನವರು ಅಡುಗೆಮನೆಗೆ ಓಡಿ ಕವರು ತಂದು ತಾಳೆ ನೋಡಿದರು. ಐದಕ್ಷರ ಇತ್ತು.

ಹೆಂಡತಿ ಅಷ್ಟರಲ್ಲಿ ಮತ್ತೆ ಹಳೆಯ ಕತ್ತರಿ ಹಿಡಿದು ಬಟ್ಟೆ ಜಗಿಸುತ್ತಿದ್ದರು. ತಲೆಯೆತ್ತದೆ ಹೇಳಿದರು, "ಹೆಚ್ಚಾಗಿರೋದು ಕಾಣುತ್ತೆ, ಕಮ್ಮಿಯಾಗಿರೋದು ಕಾಣಲ್ಲ ನಿಮಗೆ. ಆ ಕತ್ತರಿ ಅಂಗಡಿಗೆ ನಾಳೆ ನಾನೇ ಹೋಗ್ತೀನಿ ಬಿಡಿ."