ಸಹಿಗಾಗಿ ಸಲ್ಲಿಸಿದ ಸೇತುವೆ

ಮನವಿಪತ್ರದ ವಿಷಯದಲ್ಲಿ ನನ್ನನ್ನು ಮೀರಿಸುವವರು ಚೆನ್ನೈಯಲ್ಲಿ ಇಲ್ಲ ಎಂದು ಆ ಶನಿವಾರದವರೆಗೆ ನಾನು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಕೇಂದ್ರ ಸರ್ಕಾರದ ಒಂದು ಕಚೇರಿಯ ಕುಂದುಕೊರತೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವನು ನಾನು. ಯಾವ ಕಚೇರಿ ಎಂದು ಹೇಳುವುದಿಲ್ಲ. ಪಿಂಚಣಿ ಇನ್ನೂ ಅಲ್ಲಿಂದಲೇ ಬರುತ್ತಿದೆ.

ಆ ವಿಭಾಗದ ಪದ್ಧತಿಯನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅನಾಹುತ ಹುಟ್ಟಿದ್ದು ಅಲ್ಲಿಂದ. ಜನರ ಅರ್ಜಿ ಬಂದರೆ ಅದನ್ನು ಬರಿದೇ ಸಾಹೇಬರ ಮೇಜಿಗೆ ಒಯ್ಯುವಂತಿಲ್ಲ. ಅದಕ್ಕೆ ಕೊಡಬೇಕಾದ ಉತ್ತರವನ್ನೂ ನಾವೇ ಟೈಪು ಮಾಡಿ, ಸಹಿ ಬೀಳಬೇಕಾದ ಕಡೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ, ‘ಸಹಿಗಾಗಿ’ ಎಂಬ ಚೀಟಿ ಸಿಕ್ಕಿಸಿ ಇಡಬೇಕು. ಉತ್ತರವಿಲ್ಲದ ಫೈಲು ಒಯ್ದರೆ ಸಾಹೇಬರು ಅದನ್ನು ಬಾಗಿಲಿನತ್ತ ಎಸೆಯುತ್ತಿದ್ದರು. ನನ್ನ ಫೈಲನ್ನು ಒಮ್ಮೆಯೂ ಎಸೆದಿರಲಿಲ್ಲ!

ನಾನು ನಿವೃತ್ತನಾಗಿ ಏಳು ತಿಂಗಳಾಗಿತ್ತು. ಮೈಲಾಪುರದ ನಮ್ಮ ಹಳೆಯ ಕಟ್ಟಡದ ಕೆಳಮನೆಗೆ ಒಂದು ತಿಂಗಳ ಮಟ್ಟಿಗೆ ಉತ್ತರದ ಕಡೆಯ ದಂಪತಿ ಬಂದರು. ಆಕೆಗೆ ಕಣ್ಣಿನ ಆಪರೇಷನ್ ಆಗಬೇಕಿತ್ತು. ಗಂಡನ ಹೆಸರು ಶಿವಚರಣ್‌ಜಿ. ಹೊಸದಾಗಿ ಹುಟ್ಟಿದ ರಾಜ್ಯವೊಂದರ ಶಾಸಕರು. ಕಾರಿಲ್ಲ, ಹಿಂಬಾಲಕರಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ.

“ರೀ, ಎಂ.ಎಲ್.ಎ. ಅಂತೀರ! ಕೀರೆಕಾರಿ ಹತ್ರ ನಿಂತು ಎರಡು ಕಟ್ಟು ಸೊಪ್ಪು ತಾವೇ ಆರಿಸ್ತಿದಾರೆ,” ಎಂದಳು ನನ್ನ ಹೆಂಡತಿ ವಿಮಲಾ, ಬಾಲ್ಕನಿಯಿಂದ ಬಗ್ಗಿ. “ನಮ್ಮೂರ ಎಂ.ಎಲ್.ಎ. ಆಗಿದ್ರೆ ಇಷ್ಟೊತ್ತಿಗೆ ಬೀದಿ ತುಂಬ ಕಟೌಟ್ ನಿಲ್ತಿತ್ತು. ಪಾಪ, ನಿಜವಾದ ಎಂ.ಎಲ್.ಎ.ನೇನಾ?”

ನಿಜವಾದವರೇ. ಕೆಲಸದ ಮೇಲೆ ಆರು ವರ್ಷ ಉತ್ತರದಲ್ಲಿದ್ದ ನನಗೆ ಹಿಂದಿ ಬರುತ್ತಿತ್ತು. ನಾನು ಹೆಡ್ ಕ್ಲಾರ್ಕ್ ಆಗಿದ್ದೆ ಎಂದು ತಿಳಿದ ಮೇಲೆ ಅವರು ನನ್ನನ್ನು ಅವರ ಕಡೆಯ ಮರ್ಯಾದೆಯಂತೆ ‘ಬಡೇ ಬಾಬು’ ಎಂದು ಕರೆಯತೊಡಗಿದರು. ಸಂಜೆ ಕಾಫಿಗೆ ಬಂದವರು ತಮ್ಮ ಕಷ್ಟ ಹೇಳುತ್ತಿದ್ದರು. ಅವರ ಕ್ಷೇತ್ರದ ಜನಕ್ಕೆ ಮೊದಲು ಜಿಲ್ಲಾ ಕೇಂದ್ರ ನದಿಯ ಈಚೆಗೇ ಇತ್ತು. ಆಸ್ಪತ್ರೆ, ಕೋರ್ಟು, ಕಾಲೇಜು ಎಲ್ಲವೂ ಅಲ್ಲೇ. ರಾಜ್ಯ ಒಡೆದು ಗೆರೆ ಎಳೆದಾಗ ಆ ಊರು ಹಳೆಯ ರಾಜ್ಯಕ್ಕೆ ಹೋಯಿತು. ಇವರ ಹೊಸ ಜಿಲ್ಲಾ ಕೇಂದ್ರ ನದಿಯ ಆಚೆ ದಡದಲ್ಲಿ. ನಡುವೆ ಸೇತುವೆ ಇಲ್ಲ. ಕಟ್ಟಿಕೊಡುತ್ತೇವೆ ಎಂದು ವಿಭಜನೆಯ ಹೊತ್ತಿನಲ್ಲಿ ಕೇಂದ್ರದವರು ವೇದಿಕೆಯ ಮೇಲೆ ಹೇಳಿದ್ದರು. ಮೂರು ವರ್ಷವಾಗಿತ್ತು. ಜನ ದೋಣಿಯಲ್ಲೇ ಇದ್ದರು.

“ರಾಜ್ಯ ಬೇಕು ಅಂತ ಎರಡು ಸಲ ಜೈಲಿಗೆ ಹೋದವನು ನಾನು, ಬಡೇ ಬಾಬು. ಈಗ ನನ್ನ ಜನ ಕೇಳ್ತಾರೆ, ‘ರಾಜ್ಯ ಬಂತು ವಿಧಾಯಕ್‌ಜಿ, ಅದರೊಳಕ್ಕೆ ಹೋಗೋದು ಹ್ಯಾಗೆ?’ ಅಂತ.”

“ದೆಹಲಿಯಲ್ಲಿ ಏನಂತಾರೆ?”

“ಮಂತ್ರಿಗಳು ‘ಆಗುತ್ತೆ, ಆಗುತ್ತೆ’ ಅಂತಾರೆ. ಅಧಿಕಾರಿಗಳು ‘ಅಂಥ ಭರವಸೆ ಕೊಟ್ಟದ್ದಕ್ಕೆ ದಾಖಲೆ ಎಲ್ಲಿದೆ?’ ಅಂತಾರೆ. ಹೋದ ಮಳೆಗಾಲದಲ್ಲಿ ಒಬ್ಬ ಹೆಣ್ಣುಮಗಳು ನಡುನೀರಿನಲ್ಲಿ, ದೋಣಿಯಲ್ಲೇ ಹೆತ್ತಳು. ದೋಣಿಯವನು ಹುಟ್ಟು ಬಿಟ್ಟು ಮಗು ಹಿಡಿದ. ಮುಂದಿನ ಮಳೆಗಾಲಕ್ಕೆ ಯಾರ ಸರದಿಯೋ?”

ಆ ವಾರವೇ, ಶನಿವಾರ ಬೆಳಿಗ್ಗೆ, ಕೇಂದ್ರದ ರಾಜ್ಯ ಸಚಿವರೊಬ್ಬರು ಮೈಲಾಪುರದ ಒಂದು ಸಭಾಂಗಣಕ್ಕೆ ಬರುವವರಿದ್ದರು. ಸೇತುವೆ ಅವರ ಇಲಾಖೆಗೇ ಸೇರಿದ್ದು. ಭಾಷಣದ ನಂತರ ಅರ್ಧ ಗಂಟೆ ಮನವಿ ಸ್ವೀಕರಿಸುತ್ತಾರೆಂದು ಪತ್ರಿಕೆಯಲ್ಲಿತ್ತು. ಆದರೆ ಅದೇ ಬೆಳಿಗ್ಗೆ ಶಿವಚರಣ್‌ಜಿಯ ಹೆಂಡತಿಯ ಕಣ್ಣಿನ ಕಟ್ಟು ಬಿಚ್ಚುವುದಿತ್ತು. ಅವರು ಕೈ ಹಿಸುಕಿಕೊಂಡರು.

“ಚಿಂತೆ ಬೇಡ. ಮನವಿ ಬರೆಯುವವನೂ ನಾನೇ, ಕೊಡುವವನೂ ನಾನೇ. ನೀವು ಸಹಿ ಮಾಡಿ ಸಾಕು,” ಎಂದೆ.

ಇಂಗ್ಲಿಷಿನಲ್ಲಿ ಟೈಪು ಮಾಡಿ ವಿಮಲಾಗೆ ತೋರಿಸಿದೆ. ಅವಳು ಎರಡು ಸಲ ಓದಿದಳು.

“ಆ ಹುಡುಗಿ ಎಲ್ಲಿ?”

“ಯಾವ ಹುಡುಗಿ?”

“ದೋಣೀಲಿ ಹೆತ್ತೋಳು.”

“ಇದ್ದಾಳಲ್ಲ. ಮೂರನೇ ಪ್ಯಾರಾ. ‘ಸಾರ್ವಜನಿಕರಿಗೆ ಸಂಚಾರದಲ್ಲಿ ಸ್ವಲ್ಪ ಅನಾನುಕೂಲವಾಗಿರುತ್ತದೆ.’”

ವಿಮಲಾ ಕಾಗದವನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದಳು. “ನಡುನೀರಲ್ಲಿ ಹೆರೋದು ಸ್ವಲ್ಪ ಅನಾನುಕೂಲವಾ? ನಿಮಗೆ ಒಂದು ಸಲ ಆಗ್ಬೇಕಿತ್ತು!”

ಆ ಹೆಣ್ಣುಮಗಳನ್ನೂ ದೋಣಿಯವನನ್ನೂ ಮನವಿಯೊಳಕ್ಕೆ ಮರಳಿ ಕರೆತಂದೆ. ಶಿವಚರಣ್‌ಜಿಗೆ ಓದಿ ಹೇಳಿದಾಗ ಅವರ ಕಣ್ಣಲ್ಲಿ ನೀರು ಬಂತು. ನನಗೆ ಹೆಮ್ಮೆ ಉಕ್ಕಿತು. ಅದೇ ಉತ್ಸಾಹದಲ್ಲಿ ಮಧ್ಯಾಹ್ನ ಒಬ್ಬನೇ ಕೂತು ಫೈಲನ್ನು ಸಿದ್ಧಪಡಿಸಿದೆ. ಮೇಲೆ ಮನವಿ, ಅದರ ಕೆಳಗೆ ನದಿಯ ನಕ್ಷೆ, ಹಳೆಯ ಪತ್ರಗಳ ನಕಲು, ಕ್ರಮವಾಗಿ ಪುಟಸಂಖ್ಯೆ, ಮೂಲೆಯಲ್ಲಿ ಟ್ಯಾಗು. ನಮ್ಮ ವಿಭಾಗದ ಪದ್ಧತಿಯಲ್ಲಿ ಏನೇನು ಇರಬೇಕೋ ಅದೆಲ್ಲವೂ ಇತ್ತು. ಒಂದನ್ನೂ ಬಿಟ್ಟಿರಲಿಲ್ಲ. ಬಿಡಬೇಕಾಗಿತ್ತು!

ಮುಂದಿನದನ್ನು ನಡೆದಂತೆಯೇ ಹೇಳುತ್ತೇನೆ.

ಶನಿವಾರ ಸಭಾಂಗಣದಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ಸರದಿ ಬಂತು. ನನ್ನ ಮುಂದಿದ್ದವರೆಲ್ಲ ಮಡಿಸಿದ ಕಾಗದ ಕೊಟ್ಟಿದ್ದರು. ಸಚಿವರು ಅವನ್ನು ತೆಗೆದುಕೊಂಡು, ನಕ್ಕು, ಪಕ್ಕದಲ್ಲಿದ್ದ ಪಿ.ಎ.ಯ ಕೈಗೆ ದಾಟಿಸುತ್ತಿದ್ದರು. ನನ್ನ ಫೈಲನ್ನು ಕಂಡು ಅವರ ಮುಖ ಅರಳಿತು. ಜನಜಂಗುಳಿಯ ನಡುವೆ ಬಹಳ ಹೊತ್ತಿನ ಮೇಲೆ ಪರಿಚಿತ ವಸ್ತು ಕಂಡಂತೆ. ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಮನವಿಯ ಮೊದಲ ಸಾಲನ್ನೂ ಅವರು ಓದಲಿಲ್ಲ. ಹಾಳೆಗಳನ್ನು ಬೆರಳಿನಿಂದ ಸರಿಸಿದರು. ಕೊನೆಯ ಹಾಳೆಯಲ್ಲಿ ಒಂದು ಚೀಟಿ ಕಂಡಿತು. ಚೀಟಿಯ ಕೆಳಗೆ ಪೆನ್ಸಿಲಿನ ಗುರುತು ಕಂಡಿತು. ಆ ಗುರುತಿನ ಮೇಲೆ ಸಚಿವರು ಸಹಿ ಹಾಕಿದರು.

ಪಿ.ಎ. ಆ ಹಾಳೆಯನ್ನು ಕಳಚಿ, ಚೀಲದಿಂದ ಮೊಹರು ತೆಗೆದು ಒತ್ತಿ, ಡೈರಿಯಲ್ಲಿ ನಂಬರು ಬರೆದುಕೊಂಡು, ನನ್ನ ಕೈಗಿಟ್ಟ. ನಾನು ಹೊರಗೆ ಬಂದು ಓದಿದೆ.

ನನ್ನ ಟೈಪ್‌ರೈಟರಿನ ಅಕ್ಷರ. ನನ್ನ ವಾಕ್ಯ. ಮೂವತ್ತೊಂದು ವರ್ಷ ನಾನು ಬರೆದ ಅದೇ ಉತ್ತರ! ‘ಮಾನ್ಯರೇ, ರಾಜ್ಯ ವಿಭಜನೆಯ ಸಂದರ್ಭದಲ್ಲಿ ಕೇಂದ್ರ ಸರ್ಕಾರವು ಭರವಸೆ ನೀಡಿದ್ದ ಸೇತುವೆಯ ಬಗ್ಗೆ ತಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಯಿತು. ಸದ್ಯದ ಪರಿಸ್ಥಿತಿಯಲ್ಲಿ ಬೇಡಿಕೆಯನ್ನು ಈಡೇರಿಸಲು ಸಾಧ್ಯವಿಲ್ಲವೆಂದು ತಿಳಿಸಲು ವಿಷಾದಿಸಲಾಗಿದೆ.’

ಜಗತ್ತಿನಲ್ಲಿ ಅರ್ಜಿ ಹಿಡಿದು ಹೋಗಿ, ತಿರಸ್ಕಾರವನ್ನೂ ತಾನೇ ಟೈಪು ಮಾಡಿಕೊಂಡು ಒಯ್ದ ಮೊದಲ ಮನುಷ್ಯ ನಾನೇ ಇರಬೇಕು.

ಒಳಗೆ ಓಡಿದೆ. “ಸಾರ್, ಒಂದು ತಪ್ಪಾಗಿದೆ. ಈ ಕಾಗದ ವಾಪಸ್ ತಗೊಳ್ಳಿ!”

ಪಿ.ಎ. ತಮಿಳನೇ. ಡೈರಿಯಿಂದ ತಲೆ ಎತ್ತದೆ ಕೇಳಿದ, “ಸಹಿ ಯಾರದು?”

“ಸಚಿವರದು.”

“ನಂಬರ್ ಬಿದ್ದಿದೆಯಾ?”

“ಬಿದ್ದಿದೆ.”

“ಮತ್ತೆ ತಪ್ಪೆಲ್ಲಿ ಸಾರ್? ಎಲ್ಲರಿಗೂ ದೆಹಲಿಗೆ ಹೋದ ಮೇಲೆ ಉತ್ತರ. ನಿಮಗೊಬ್ಬರಿಗೆ ಸ್ಪಾಟ್‌ನಲ್ಲೇ ಆಯ್ತು. ಸಂತೋಷ ಪಡಿ!” ಎಂದವನು ಸಾಲಿನಲ್ಲಿದ್ದ ಮುಂದಿನವರನ್ನು ಕರೆದ.

ಮನೆಗೆ ನಡೆದೇ ಬಂದೆ. ನಡೆದದ್ದನ್ನು ಕೇಳಿದ ವಿಮಲಾ ತಲೆಯ ಮೇಲೆ ಕೈಯಿಟ್ಟುಕೊಂಡಳು. “ಆ ಮನುಷ್ಯ ಮೂರು ವರ್ಷ ಅಲೆದಿದಾರೆ ರೀ. ನೀವು ಒಂದೇ ಬೆಳಿಗ್ಗೆ ಮುಗಿಸಿಬಿಟ್ರಿ!” ಕಾಲೇಜಿನಲ್ಲಿ ಓದುವ ನಮ್ಮ ಮಗಳು ದಾಟಿ ಹೋಗುತ್ತಾ ತಮಿಳಿನಲ್ಲಿ, “ಪೋಚ್ಚು ಪಾ,” ಎಂದಳು. ಎಲ್ಲ ಹೋಯಿತು ಎಂದು ಒಪ್ಪಿಕೊಳ್ಳಲು ನನಗೆ ಯಾವ ಭಾಷೆಯೂ ಸಾಲಲಿಲ್ಲ.

ಒಂದು ಗಂಟೆಗೆ ಕೆಳಗೆ ಆಟೋ ನಿಂತಿತು. ಶಿವಚರಣ್‌ಜಿಯೂ ಅವರ ಹೆಂಡತಿಯೂ ಇಳಿದರು. ಆಕೆಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಮೆಟ್ಟಿಲ ಮೇಲೆ ನಿಂತ ನನ್ನನ್ನೇ ನೋಡಿ, “ಅಣ್ಣ ಯಾಕೆ ಹೀಗೆ ಬೆವರಿದ್ದಾರೆ?” ಎಂದರು. ಹೊಸ ಕಣ್ಣಿಗೆ ಮೊದಲು ಬಿದ್ದದ್ದು ನನ್ನ ಅಪರಾಧ! ಸುಳ್ಳು ಹೇಳಲು ಆಗಲಿಲ್ಲ. ನಡೆದದ್ದೆಲ್ಲ ಹೇಳಿ ಕಾಗದವನ್ನು ಶಿವಚರಣ್‌ಜಿಯ ಕೈಗಿಟ್ಟೆ.

ಅವರು ಮೆಟ್ಟಿಲ ಮೇಲೆಯೇ ಕೂತರು. ಇಂಗ್ಲಿಷನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಮತ್ತೆ ಮೊದಲ ಸಾಲಿಗೆ ಬಂದರು. ಬೆರಳು ಅಲ್ಲೇ ನಿಂತಿತು.

“ಬಡೇ ಬಾಬು, ಇಲ್ಲಿ ಏನಂತ ಬರೆದಿದೆ? ‘ಕೇಂದ್ರ ಸರ್ಕಾರವು ಭರವಸೆ ನೀಡಿದ್ದ ಸೇತುವೆ.’ ಇದರ ಕೆಳಗೆ ಸಹಿ ಯಾರದು?”

“ಸಚಿವರದು. ನನ್ನನ್ನು ಕ್ಷಮಿಸಿ...”

“ಕ್ಷಮಿಸೋದಾ!” ಅವರು ಎದ್ದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. “ಮೂರು ವರ್ಷ ಎಲ್ಲರೂ ಬಾಯಲ್ಲಿ ‘ಆಗುತ್ತೆ’ ಅಂದರು. ಆಗುತ್ತೆ ಅನ್ನೋನ ಜೊತೆ ಜಗಳ ಆಡೋದು ಹ್ಯಾಗೆ? ಈತ ಒಬ್ಬನೇ ‘ಆಗಲ್ಲ’ ಅಂತ ಬರೆದುಕೊಟ್ಟಿದ್ದಾನೆ. ಅದಕ್ಕೂ ಮೊದಲು, ಭರವಸೆ ಕೊಟ್ಟದ್ದು ನಿಜ ಅಂತ ಬರೆದುಕೊಟ್ಟಿದ್ದಾನೆ! ಇನ್ನು ದಾಖಲೆ ಎಲ್ಲಿ ಅಂತ ಯಾವನು ಕೇಳ್ತಾನೆ ನೋಡೋಣ!”

ವಿಷಯವನ್ನು ಮೊದಲ ಸಾಲಿನಲ್ಲೇ ಪೂರ್ತಿ ನಮೂದಿಸುವುದು ನಮ್ಮ ವಿಭಾಗದ ಇನ್ನೊಂದು ಪದ್ಧತಿ. ಅದರಲ್ಲಿ ಇಷ್ಟು ಶಕ್ತಿ ಇದೆಯೆಂದು ನನಗೂ ಗೊತ್ತಿರಲಿಲ್ಲ. ಆ ಸಂಜೆ ಶಿವಚರಣ್‌ಜಿ ಕಾಗದದ ಹನ್ನೆರಡು ನಕಲು ತೆಗೆಸಿದರು. ಮರುವಾರ ಊರಿಗೆ ಹೊರಟಾಗ ಅಸಲನ್ನು ಒಳಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡರು.

ಐದು ತಿಂಗಳ ನಂತರ ಅವರ ಪತ್ರ ಬಂತು. ವಿಧಾನಸಭೆಯಲ್ಲಿ ಕಾಗದ ಓದಿದ್ದಾಯಿತು, ದೆಹಲಿಗೆ ಎರಡು ಸಲ ಹೋಗಿದ್ದಾಯಿತು. ಈಗ ನದಿಯ ದಡದಲ್ಲಿ ಸರ್ವೆಯವರು ಕಂಬ ನೆಟ್ಟು ಅಳತೆ ಮಾಡುತ್ತಿದ್ದಾರಂತೆ. ಸೇತುವೆ ಆಗುವವರೆಗೆ ಮಳೆಗಾಲಕ್ಕೆ ಒಂದು ಮೋಟಾರು ದೋಣಿ, ಅದರಲ್ಲಿ ಒಬ್ಬ ನರ್ಸು ಮಂಜೂರಾಗಿದ್ದಾರೆ. ಕೊನೆಯಲ್ಲಿ ಬರೆದಿದ್ದರು: ‘ಮಂತ್ರಿಯನ್ನು ಅವರ ಸಹಿಯಿಂದಲೇ ಕಟ್ಟಿಹಾಕಿದ ಮದ್ರಾಸಿನ ಚತುರ ಬಡೇ ಬಾಬುವನ್ನು ನೋಡಬೇಕೆಂದು ನಮ್ಮ ಜನ ಕಾಯುತ್ತಿದ್ದಾರೆ.’

ನಾನು ಪತ್ರವನ್ನು ಗಂಭೀರವಾಗಿ, ಎರಡು ಸಲ, ಗಟ್ಟಿಯಾಗಿ ಓದಿದೆ. ‘ಚತುರ’ ಎಂಬಲ್ಲಿ ಸ್ವಲ್ಪ ನಿಲ್ಲಿಸಿಯೂ ಓದಿದೆ.

ಅಕ್ಕಿ ಆರಿಸುತ್ತಿದ್ದ ವಿಮಲಾ ಮೊರದಿಂದ ಕಣ್ಣೆತ್ತಲಿಲ್ಲ.

“ಒಂದು ತಪ್ಪಿಗೆ ಒಂದು ಸೇತುವೆ,” ಎಂದಳು. “ಮೂವತ್ತೊಂದು ವರ್ಷ ಸುಮ್ನೆ ಸರಿಯಾಗಿ ಕೆಲಸ ಮಾಡಿ ಹಾಳು ಮಾಡಿದ್ರಲ್ಲ ರೀ!”