ಐರ್ಲೆಂಡಿನ ಉಗಿಬಂಡಿಯೂ ನಮ್ಮ ಬನಿಯಾಸಿನ ಭಾವನೂ

ಐರ್ಲೆಂಡಿನ ರೈಲಿನ ಬಗ್ಗೆ ಐರ್ಲೆಂಡಿನವರಿಗೂ ಗೊತ್ತಿಲ್ಲದ್ದೆಲ್ಲ ನಮ್ಮ ಭಾವನಿಗೆ ಗೊತ್ತು. ಗೊತ್ತಿಲ್ಲದ್ದು ಐರ್ಲೆಂಡ್ ಒಂದೇ! ಆ ದೇಶದ ಮಣ್ಣು ಮೆಟ್ಟಿದವರಲ್ಲ, ಆ ರೈಲು ಹತ್ತಿದವರಲ್ಲ. ಅಬುಧಾಬಿಯ ಬನಿಯಾಸಿನಲ್ಲಿ, ಎಸಿ ಕಂಪೆನಿಯೊಂದರ ಸ್ಟೋರಿನಲ್ಲಿ ಕೂತು ನಟ್ಟು ಬೋಲ್ಟು ಕೊಡುವ ಕೆಲಸ. ಮಾತು ಕೇಳಿದರೆ ಮಾತ್ರ ನಿನ್ನೆ ತಾನೇ ಡಬ್ಲಿನ್ನಿನಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ತುಂಬಿ, ಕೈ ತೊಳೆದು ಬಂದವರ ಹಾಗೆ! ಸ್ವಂತ ಅಕ್ಕನ ಗಂಡನ ಬಗ್ಗೆ ಹೀಗೆಲ್ಲ ಮಾತಾಡಬಾರದು ಅಂತ ನಮ್ಮ ಯಜಮಾನರು ಹೇಳುತ್ತಾರೆ. ಹೇಳಲಿ. ಅವರಿಗೆ ಭಾವ ತೋರಿಸುವ ರೈಲಿನ ವಿಡಿಯೋಗಳನ್ನು ನೋಡುತ್ತಾ ನಿದ್ದೆ ಮಾಡಲಿಕ್ಕೆ ಬರುತ್ತದೆ, ನನಗೆ ಬರುವುದಿಲ್ಲ.

ಈ ಹುಚ್ಚು ಹಿಡಿದದ್ದಾದರೂ ಹೇಗೆ? ಗಲ್ಫ್ ಬಿಟ್ಟು ಹೋಗುವವರು ಮನೆಸಾಮಾನನ್ನು ಕಂಡವರಿಗೆ ಹಂಚಿ ಹೋಗುತ್ತಾರಲ್ಲ, ಹಾಗೆ ಭಾವನ ಕಂಪೆನಿಯ ಐರಿಷ್ ಮ್ಯಾನೇಜರೊಬ್ಬರು ಎಲ್ಲ ಖಲಾಸ್ ಮಾಡಿ ಹೊರಟರು. ಅಕ್ಕ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು: "ವಾಷಿಂಗ್ ಮೆಶಿನ್ ಕೇಳಿ. ನಾಚಿಕೆ ಮಾಡ್ಬೇಡಿ."

ನಾಚಿಕೆ ಮಾಡಲಿಲ್ಲ, ತಡ ಮಾಡಿದರು. ಇವರು ಅಲ್ಲಿಗೆ ಮುಟ್ಟುವಾಗ ಮೆಶಿನ್ ಡ್ರೈವರಿನ ಪಾಲಾಗಿತ್ತು, ಸೋಫಾ ಅಕೌಂಟೆಂಟಿನ ಪಾಲಾಗಿತ್ತು. ಯಾರಿಗೂ ಬೇಡವಾಗಿ ಮೂಲೆಯಲ್ಲಿ ಉಳಿದದ್ದು ಒಂದು ಕಾರ್ಟನ್ ತುಂಬ ಹಳೇ ರೈಲು ಪತ್ರಿಕೆಗಳು. ಭಾವ ಅದನ್ನೇ ಹೆಗಲ ಮೇಲೆ ಹೊತ್ತು ತಂದರು! ಅಕ್ಕ ಕ್ಲಿನಿಕ್ಕಿನಲ್ಲಿ ನರ್ಸ್. ದಿನವಿಡೀ ಡ್ಯೂಟಿ ಮಾಡಿ ಬಂದು ಬಕೆಟ್ಟಿನಲ್ಲಿ ಬಟ್ಟೆ ಹಿಂಡುವುದು, ಈ ಮಹಾನುಭಾವ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಬಾಯ್ಲರಿನ ವರ್ಣನೆ ಓದಿ ಹೇಳುವುದು. ಇದೂ ಒಂದು ಸಂಸಾರವಾ ಮಾರ್ರೆ?

ಭಾನುವಾರ ನಾವು ಬರ್ ದುಬೈಯಿಂದ ಅಷ್ಟು ದೂರ ಊಟಕ್ಕೆಂದು ಹೋದರೆ ಮೊದಲು ವಿಡಿಯೋ, ಕೋಳಿ ಸುಕ್ಕ ತಣ್ಣಗಾದ ಮೇಲೆ ಊಟ. ಐರ್ಲೆಂಡಿನಲ್ಲಿ ಕೆಲವು ಜನ ರಜೆಯ ದಿನ ಸಂಬಳವೂ ಇಲ್ಲದೆ ಹಳೇ ರೈಲುಡಬ್ಬಿಗಳ ತುಕ್ಕು ಕೆರೆದು, ಬಣ್ಣ ಬಳಿದು, ಉಗಿಯ ಇಂಜಿನ್ನಿಗೆ ಸಿಕ್ಕಿಸಿ ಟೂರ್ ಹೊರಡಿಸುತ್ತಾರಂತೆ. ಹೋಗುವುದು ಎಲ್ಲಿಗೆ? ಎಲ್ಲಿಗೂ ಅಲ್ಲ! ಹೋಗಿ, ತಿರುಗಿ ಬರುವುದು.

"ನೋಡು, ಈ ಡಬ್ಬಿ ಒಬ್ಬರ ತೋಟದಲ್ಲಿ ಕೋಳಿಗೂಡಾಗಿತ್ತು. ಈಗ ನೋಡು!" ಅಂದರು ಒಮ್ಮೆ.

ನೋಡಿದೆ. ನನ್ನ ಕಣ್ಣಿಗೆ ಈಗಲೂ ಕೋಳಿಗೂಡೇ.

ನನ್ನ ಮಗಳು ಪಾಪ, ಒಳ್ಳೆ ಮನಸ್ಸಿನಿಂದಲೇ ಕೇಳಿದಳು, "ಅಂಕಲ್, ವೈ ಡೋಂಟ್ ದೇ ಜಸ್ಟ್ ಬೈ ಅ ನ್ಯೂ ಟ್ರೈನ್?" ಭಾವನ ಮುಖ ನೋಡಬೇಕಿತ್ತು! ಮನೆಯಲ್ಲಿ ಸೂತಕ ಬಂದ ಹಾಗೆ ಆ ದಿನ ಪಾಯಸ ಕೂಡ ಮುಟ್ಟಲಿಲ್ಲ.

ಇನ್ನೊಂದು, ಹಳಿಯ ಅಗಲ. ಐರ್ಲೆಂಡಿನ ಹಳಿ ನಮ್ಮ ದೇಶದ ದೊಡ್ಡ ಹಳಿಗಿಂತ ಮೂರೇ ಇಂಚು ಕಡಿಮೆಯಂತೆ. "ಮೂರೇ ಇಂಚು! ಹೆಚ್ಚು ಕಡಿಮೆ ನಮ್ಮದೇ!" ಅಂತ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಅಳುವುದಕ್ಕೆ ಲೋಕದಲ್ಲಿ ಬೇರೆ ವಿಷಯ ಇಲ್ಲವಾ?

ಅಷ್ಟು ರೈಲು ರೈಲು ಅನ್ನುತ್ತಾರಲ್ಲ ಅಂತ ಒಮ್ಮೆ ದುಬೈ ಮೆಟ್ರೋ ಹತ್ತಿಸಿದೆ. ಸೀದಾ ಮುಂದಿನ ಡಬ್ಬಿಗೆ ಹೋಗಿ ಡ್ರೈವರನ್ನು ಹುಡುಕಿದರು, ನಮಸ್ಕಾರ ಹೇಳಲಿಕ್ಕೆ.

"ಇದಕ್ಕೆ ಡ್ರೈವರಿಲ್ಲ ಭಾವ. ತನ್ನಷ್ಟಕ್ಕೇ ಹೋಗ್ತದೆ."

"ಹಾಗಾದ್ರೆ ಇದು ರೈಲಲ್ಲ. ಅಡ್ಡಕ್ಕೆ ಹೋಗುವ ಲಿಫ್ಟು!"

ಪಕ್ಕದಲ್ಲಿದ್ದ ಫಿಲಿಪಿನೋ ಹುಡುಗಿಗೂ ಇದನ್ನೇ ಇಂಗ್ಲಿಷಿನಲ್ಲಿ ವಿವರಿಸಿದರು. ಆಮೇಲೆ ಚೀಲದಿಂದ ಫ್ಲಾಸ್ಕ್ ತೆಗೆದು, ಉಗಿಬಂಡಿಯ ಟೂರಿನಲ್ಲಿ ಚಹಾ ಕೊಡುವುದು ಪದ್ಧತಿ ಅಂತ ನನಗೂ ಅವಳಿಗೂ ಸುರಿದುಕೊಟ್ಟರು. ಮೆಟ್ರೋದಲ್ಲಿ ಒಂದು ಗುಟುಕು ನೀರು ಕುಡಿದರೂ ದಂಡ ಅಂತ ಗೊತ್ತಿಲ್ಲದವರು ಈ ಊರಲ್ಲಿ ಇದ್ದಾರಾ? ಇದ್ದಾರೆ, ನಮ್ಮ ಭಾವ. ದಂಡ ಕಟ್ಟಿದವಳು ನಾನು.

ಇಷ್ಟರವರೆಗೆ ನಗಬಹುದು. ಇನ್ನು ಮುಂದಿನದಕ್ಕೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅಕ್ಕ ಹೊರದೇಶದ ನರ್ಸಿಂಗ್ ಕೆಲಸಕ್ಕೆ ಪರೀಕ್ಷೆ ಬರೆದು ಪಾಸಾದಳು. ಏಜೆಂಟ್ ಎರಡು ದೇಶ ಮುಂದಿಟ್ಟ. ಆಸ್ಟ್ರೇಲಿಯಾ, ಐರ್ಲೆಂಡ್. ಆಸ್ಟ್ರೇಲಿಯಾದಲ್ಲಿ ನಮ್ಮ ದೊಡ್ಡಮ್ಮನ ಮಗಳಿದ್ದಾಳೆ, ಬಿಸಿಲುಂಟು, ಬಂಗುಡೆಯಂಥ ಮೀನೂ ಸಿಗುತ್ತದಂತೆ. ಯಾರಾದರೂ ಯೋಚನೆ ಮಾಡಬೇಕಾ? ಭಾವನೂ ಮಾಡಲಿಲ್ಲ. "ಐರ್ಲೆಂಡ್!" ಅಂದುಬಿಟ್ಟರು. ಆಸ್ಪತ್ರೆ ಇದ್ದ ಊರಿನಲ್ಲೇ ಹಳೇ ಡಬ್ಬಿ ರಿಪೇರಿ ಮಾಡುವ ಶೆಡ್ಡು ಇತ್ತು ನೋಡಿ! ಅಲ್ಲಿ ಅಕ್ಕ ಸ್ವಲ್ಪ ಕಾಲೂರಿದ ಮೇಲೆ ಇವರೂ ಹೋಗುವುದು ಅಂತ ಮಾತು.

"ನಿನಗೆ ತಲೆ ಸರಿ ಉಂಟಾ?" ಅಂತ ನಾನು ಅಕ್ಕನನ್ನೇ ಬೈದೆ.

"ಇರ್ಲಿ ಬಿಡು ಮಾರಾಯ್ತಿ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಅವರಿಗೆ ಬೇರೆ ಆಸೆ ಎಂತ ಉಂಟು?" ಅಂದಳು.

ಹೋದಳು. ಭಾವ ದಿನಾ ಫೋನು ಮಾಡುತ್ತಿದ್ದರು. ಹೆಂಡತಿಯ ಯೋಗಕ್ಷೇಮ ವಿಚಾರಿಸಲಿಕ್ಕೆ ಅಂದುಕೊಂಡಿರಾ? "ಶೆಡ್ಡಿಗೆ ಹೋಗಿದ್ದಿಯಾ? ಕಿಟಕಿಗೆ ಗಾಜು ಹಾಕಿದ್ರಾ? ಬಣ್ಣ ಹಸಿರಾ, ನೀಲಿಯಾ?" ನೈಟ್ ಡ್ಯೂಟಿ ಮುಗಿಸಿದ ನರ್ಸಮ್ಮ ಆ ಮಳೆಚಳಿಯಲ್ಲಿ ನಡೆದು ಹೋಗಿ, ತುಕ್ಕು ಹಿಡಿದ ಚಕ್ರದ ಫೋಟೋ ತೆಗೆದು ಕಳಿಸುತ್ತಿದ್ದಳು. ನನ್ನ ಹತ್ತಿರ ಮಾತಾಡುವಾಗ ಮಾತ್ರ, "ಇಲ್ಲಿ ಮಧ್ಯಾಹ್ನವೇ ಕತ್ತಲಾಗ್ತದೆ" ಅನ್ನುವಳು. ಇದನ್ನು ಭಾವನಿಗೆ ಹೇಳಿದರೆ, "ಹೌದು ಹೌದು, ಕತ್ತಲಲ್ಲಿ ಇಂಜಿನ್ನಿನ ಬೆಂಕಿ ಬಹಳ ಚೆಂದ ಕಾಣ್ತದೆ" ಅಂದರು!

ಕೊನೆಗೆ ಉಗಿಬಂಡಿ ಟೂರಿಗೆ ಟಿಕೆಟ್ ಬುಕ್ ಆಯಿತು. ಭಾವ ರಜೆ ಹಾಕಿದರು. ದುಬೈಯ ಸತ್ವಾದ ದರ್ಜಿಗೆ ಪತ್ರಿಕೆಯ ಚಿತ್ರ ತೋರಿಸಿ, ಹಿತ್ತಾಳೆ ಗುಂಡಿಯ ಉದ್ದ ಉಣ್ಣೆ ಕೋಟು ಹೊಲಿಸಿದರು. ಜೂನ್ ತಿಂಗಳ ಸೆಖೆಯಲ್ಲಿ ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತಾಗ ದರ್ಜಿ ಬಹಳ ಮರ್ಯಾದೆಯಿಂದ ಕೇಳಿದ, "ಬ್ಯಾಂಡ್ ಪಾರ್ಟಿ ಹೈ ಕ್ಯಾ, ಸಾಬ್?"

ವೀಸಾಕ್ಕೆ ಅರ್ಜಿ ಹಾಕುವಾಗ ಯಾಕೆ ಹೋಗುವುದು ಅಂತ ಬರೆದು ಕೊಡಬೇಕಲ್ಲ. ಹೆಂಡತಿ ಅಲ್ಲಿದ್ದಾಳೆ ಅಂತ ಬರೆದರೆ ಮುಗಿಯಿತು. ಈ ಜಾಣ ಪುಟಗಟ್ಟಲೆ ಉಗಿಬಂಡಿ ಟೂರಿನ ಮಹಿಮೆ ಬರೆದು, ಹೆಂಡತಿಯನ್ನು ಕಟ್ಟಕಡೆಗೆ ಒಂದು ಸಾಲಿನಲ್ಲಿ ಸೇರಿಸಿದ್ದರು! ವೀಸಾ ಸಿಗಲಿಲ್ಲ. ಹಳೇ ರೈಲಿನಲ್ಲಿ ಕೂರಲಿಕ್ಕೆ ಒಬ್ಬ ಮನುಷ್ಯ ಅಷ್ಟು ದೂರದಿಂದ ಬರುತ್ತಾನೆ ಅಂತ ವೀಸಾದವರಿಗೆ ನಂಬಿಕೆ ಬರಲಿಲ್ಲವಂತೆ. ನಾನಾದರೂ ನಂಬುತ್ತಿರಲಿಲ್ಲ.

ಅಕ್ಕ ಮಾತ್ರ, "ಟಿಕೆಟ್ ಯಾಕೆ ಹಾಳು ಮಾಡುವುದು? ನಾನೇ ಹೋಗಿ ಫೋನಿನಲ್ಲಿ ಎಲ್ಲ ತೋರಿಸ್ತೇನೆ" ಅಂದಳು. ಇಂಜಿನ್ನಿಗೂ ಗ್ಯಾಸ್ ಸಿಲಿಂಡರಿಗೂ ವ್ಯತ್ಯಾಸ ಗೊತ್ತಿಲ್ಲದವಳು! ಆ ದಿನ ನಾನೂ ಬನಿಯಾಸಿಗೆ ಹೋದೆ. ಯಾಕೆ ಸುಳ್ಳು ಹೇಳಲಿ, ಭಾವನ ಪೆಚ್ಚುಮುಖ ನೋಡಬೇಕಿತ್ತು ನನಗೆ.

ಫೋನು ಬಂತು. ಮಳೆ, ಹೊಗೆ, ಛತ್ರಿ ಹಿಡಿದ ಜನ. ಅಕ್ಕ ಕ್ಯಾಮೆರಾವನ್ನು ಇಂಜಿನ್ನಿಗೇ ಹಿಡಿದಿದ್ದಳು. "ಕಾಣ್ತದಾ? ಇದು ಚಕ್ರ. ಇದು ಎಂತದೋ ಪೈಪು. ಇನ್ನೂ ಹತ್ತಿರ ಹೋಗ್ಲಾ?" ಸ್ವರ ಕಟ್ಟಿತ್ತು, ನಡುನಡುವೆ ಕೆಮ್ಮು. ಈಗ ಶುರುವಾಗುತ್ತದೆ ಇವರ ಉಪನ್ಯಾಸ ಅಂತ ನಾನು ಕಾದೆ.

ಭಾವ ಮೆಲ್ಲಗೆ, "ಕ್ಯಾಮೆರಾ ತಿರುಗಿಸು" ಅಂದರು.

"ಯಾವ ಕಡೆ? ಡಬ್ಬಿ ಕಡೆಗಾ?"

"ನಿನ್ನ ಕಡೆಗೆ."

ತಿರುಗಿಸಿದಳು. ಕೆನ್ನೆ ಒಳಗೆ ಹೋಗಿದೆ, ಕಣ್ಣ ಸುತ್ತ ಕಪ್ಪಾಗಿದೆ. ಇಷ್ಟು ದಿನ ಚಕ್ರ ತೋರಿಸಿ ತೋರಿಸಿ ಈ ಮುಖವನ್ನು ಅವಳು ನಮಗೆ ತೋರಿಸಿಯೇ ಇರಲಿಲ್ಲ. ಹಿಂದೆ ಇಂಜಿನ್ ಸೀಟಿ ಹಾಕಿತು. "ಹೊರಡ್ತದೆ! ನಿಲ್ಲಿ, ತೋರಿಸ್ತೇನೆ" ಅಂತ ಫೋನು ತಿರುಗಿಸಲು ಹೋದಳು.

"ಬೇಡ, ತಿರುಗಿಸ್ಬೇಡ!" ಭಾವ ಕೂಗಿಯೇಬಿಟ್ಟರು. "ರೈಲು ಹಾಳಾಗಿ ಹೋಗ್ಲಿ! ಎಷ್ಟು ಸಪೂರ ಆಗಿದ್ದಿ ನೀನು! ಊಟ ಆಯ್ತಾ ನಿಂದು?"

ಅಕ್ಕ ಸೆರಗಿಲ್ಲದ ಆ ದಪ್ಪ ಜಾಕೆಟ್ಟಿನ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು.

"ಸಾಕು, ಬಂದ್ಬಿಡು. ಕೆಲಸವೂ ಬೇಡ, ಎಂತದೂ ಬೇಡ" ಅಂದರು ಭಾವ.

"ಬರುವ ವಿಷಯ ಆಮೇಲೆ" ಅಂದಳು ಅಕ್ಕ. "ಈಗ ಇನ್ನೊಮ್ಮೆ ಕೇಳಿ."

"ಎಂತದು?"

"ಊಟ ಆಯ್ತಾ ಅಂತ."

ಭಾವ ಕೇಳಿದರು.